ಗಾಳ ಹಾಕುವವರಿಗೆ ಒಂದು ಪ್ರಶ್ನೆ: ನಿಮಗೆ ಯಾವ ಥರದ ಬೇಟೆ ಮಾತ್ರ ಬೇಡವೇ ಬೇಡ ಅನ್ನಿಸ್ತದೆ?

ಅಳಿವೆಬಾಗಿಲು ಗಾಳ (ಮಂಗಳೂರು)

ಎಲ್ಲರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗ್ತದೆ ಬೇಜಾರು ಮಾಡ್ಬೇಡಿ. ಕಳೆದ ಶನಿವಾರ ರಾತ್ರಿ ನಮ್ಮ ಗ್ಯಾಂಗಿನ ಒಬ್ಬ ಫೋನ್ ಮಾಡಿ ಬಾ ಮಾರಾಯ, ನಮ್ಮೂರ ಕಿಂಡಿ ಅಣೆಕಟ್ಟಿನ ಹತ್ರ ಒಳ್ಳೆ ಮೀನು ಉಂಟು ಅಂದ. ನಾನು ರಾಡ್, ರೀಲ್, ಲ್ಯೂರ್ (ನಕಲಿ ಎರೆ) ಬಾಕ್ಸ್ ಎಲ್ಲ ಕಟ್ಟಿಕೊಂಡು ಬೈಕಲ್ಲಿ ಇಪ್ಪತ್ತೈದು ಕಿಲೋಮೀಟರ್ ಹೋದ್ರೆ ಅಲ್ಲಿ ಗಾಳವೂ ಇಲ್ಲ ಎಂತದೂ ಇಲ್ಲ, ರಿಕ್ಷಾದ ಹಿಂದೆ ಒಂದು ದೊಡ್ಡ ಬ್ಯಾಟರಿ, ಇನ್ವರ್ಟರ್, ಉದ್ದದ ಎರಡು ಬಿದಿರು ಕೋಲು. ಕರೆಂಟ್ ಮೀನು. ಮೊದಲ ಸಲ ಕಣ್ಣಾರೆ ನೋಡಿದ್ದು ನಾನು. ಒಂದು ನಿಮಿಷದಲ್ಲಿ ನೀರಿನ ಮೇಲೆ ಬಿಳಿ ಹೊಟ್ಟೆ ಹೊಟ್ಟೆ. ದೊಡ್ಡದನ್ನು ಹೆಕ್ಕಿದ್ರು, ಬೆರಳಿನಷ್ಟು ಉದ್ದದ್ದು ಹಾಗೇ ತೇಲಿಕೊಂಡು ಹೋಯ್ತು, ಅದರ ಜೊತೆ ಎರಡು ನೀರು ಹಾವು ಕೂಡ. ನನಗೆ ಹೊಟ್ಟೆ ತೊಳಸಿದ ಹಾಗೆ ಆಯ್ತು, ತಲೆ ನೋವು ಅಂತ ಸುಳ್ಳು ಹೇಳಿ ವಾಪಸ್ ಹೊರಟೆ.

ಹೊರಡುವಾಗ ಅವ ಕೇಳಿದ್ದು: "ನೀನೂ ಕೊಲ್ಲುದೇ ಅಲ್ವಾ, ನಿನ್ನ ಗಾಳಕ್ಕೆ ಸಿಕ್ಕಿದ ಮೀನು ಎಂತ ಖುಷಿಯಲ್ಲಿ ಸಾಯ್ತದಾ? ಇದು ಶಾಕಲ್ಲಿ ಒಂದು ಸೆಕೆಂಡ್, ನಿನ್ನದು ಬಾಯಿ ಹರಿದು ಹತ್ತು ನಿಮಿಷ." ಕೂಳೂರು ಸಂಕದವರೆಗೂ ಯೋಚನೆ ಮಾಡಿದೆ, ಉತ್ತರ ಸಿಕ್ಕಲಿಲ್ಲ. ಕಾನೂನು ಅಂತ ಹೇಳಬಹುದಿತ್ತು, ಆದ್ರೆ ನನಗೆ ಅಲ್ಲಿ ಅಸಹ್ಯ ಆದದ್ದು ಕಾನೂನು ನೆನಪಾಗಿ ಅಲ್ಲ.

ಹಾಗೆ ನೋಡಿದ್ರೆ ನನಗೆ ಬೇಡದ್ದು ಬೇರೆಯೂ ಉಂಟು, ಅದರಲ್ಲಿ ಪಾಪ ಪುಣ್ಯ ಏನಿಲ್ಲ, ಸುಮ್ಮನೆ ರುಚಿಸುದಿಲ್ಲ. ದುಡ್ಡು ಕೊಟ್ಟು ಕೆರೆಯಲ್ಲಿ ಹಿಡಿಯುದು ಒಂದು. ಸಾಕಿದ ಕಾಟ್ಲಾ, ದಿನಾ ಬೆಳಿಗ್ಗೆ ಫೀಡ್ ತಿಂದು ಅಭ್ಯಾಸ ಆಗಿ ಮನುಷ್ಯನ ನೆರಳು ಕಂಡ್ರೆ ಓಡಿ ಬರ್ತದೆ, ಅದಕ್ಕೆ ಗಾಳ ಹಾಕುದು ಅಂದ್ರೆ ಮನೆ ಕೋಳಿಯನ್ನು ಬೆನ್ನಟ್ಟಿದ ಹಾಗೆ. ಇನ್ನೊಂದು ಟ್ರೋಲಿಂಗ್, ಬೋಟಿನ ಹಿಂದೆ ಲ್ಯೂರ್ ಎಳ್ಕೊಂಡು ಹೋಗುದು. ಎಲ್ಲ ಕೆಲಸ ಬೋಟಿನವ ಮಾಡ್ತಾನೆ, ನಾವು ಬಸ್ಸಲ್ಲಿ ಕೂತ ಹಾಗೆ ಕೂತು ರೀಲ್ ಕಿರುಚಿದಾಗ ಎದ್ದು ಸುತ್ತುದು. ಒಮ್ಮೆ ಹೋಗಿದ್ದೆ, ಅಂಜಲ್ ಸಿಕ್ಕಿತು, ತಿಂದೆ, ಆದ್ರೆ ನಾನು ಹಿಡಿದದ್ದು ಅಂತ ಅನ್ನಿಸಲೇ ಇಲ್ಲ. ಅದೇ ಬೆಂಗ್ರೆ ಕಲ್ಲಿನ ಮೇಲೆ ಬೆಳಿಗ್ಗೆ ಐದೂವರೆಗೆ ನಿಂತು ನಾಲ್ಕು ವಾರ ಬರಿಗೈಯಲ್ಲಿ ಬಂದು ಐದನೇ ವಾರ ಒಂದು ಕೆಂಬೇರಿ ಸಿಕ್ಕಿದ್ರೆ ಮೂರು ದಿನ ನಿದ್ದೆ ಬರುದಿಲ್ಲ.

ನಿಮಗೆ ಯಾವುದು ಬೇಡ, ಯಾಕೆ ಬೇಡ? ಮೀನು ಆಗ್ಬಹುದು, ಹಳೆ ಕಾಲದ ಬೋಂಟೆ (ಕಾಡು ಬೇಟೆ) ಕಥೆಯೂ ಆಗ್ಬಹುದು.

ಮಲ್ಪೆ ಕಲಾಸಿ

ನಿಮ್ಮದೆಲ್ಲ ಶೋಕಿ, ನಮ್ಮದು ಕೆಲಸ. ಹತ್ತು ದಿನ ಟ್ರಿಪ್ ಹೋಗಿ ಬಂದವನಿಗೆ ಯಾವ ಬೇಟೆ ಇಷ್ಟ ಅಂತ ಕೇಳಿದ್ರೆ ನಿದ್ದೆ ಅಂತ ಹೇಳ್ತಾನೆ.

ಆದ್ರೂ ಕೇಳಿದ್ರಲ್ಲ, ಹೇಳ್ತೇನೆ. ನನಗೆ ಆಗದ್ದು ಲೈಟ್ ಫಿಶಿಂಗ್. ಬೋಟಲ್ಲಿ ಜನರೇಟರ್ ಇಟ್ಟು ದೊಡ್ಡ ದೊಡ್ಡ ಎಲ್‌ಇಡಿ ಹಾಕಿ ಸಮುದ್ರದಲ್ಲಿ ಹಗಲು ಮಾಡುದು, ಮೀನು ಬೆಳಕಿಗೆ ಬಂದು ರಾಶಿ ಬೀಳ್ತದೆ, ಸುತ್ತ ಬಲೆ ಬಿಡುದು. 2017ರಲ್ಲೇ ಕೇಂದ್ರ ಸರ್ಕಾರ ಬ್ಯಾನ್ ಮಾಡಿದೆ, ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗ್ ಕೂಡ. ಆದ್ರೂ ಎಲ್ಲಿ ನಿಂತಿದೆ, ನಾನು ಜಾಸ್ತಿ ಹೇಳುದಿಲ್ಲ. ಬೆಳಕಿಗೆ ಮರಿ ದೊಡ್ಡದು ಅಂತ ಇಲ್ಲ, ಎಲ್ಲ ಬರ್ತದೆ. ಬೆರಳುದ್ದದ ಮರಿ ಬಂಗುಡೆ ಯಾರು ತಿಂತಾರೆ, ಸೀದಾ ಫಿಶ್ ಮೀಲಿಗೆ (ಮೀನು ಹುಡಿ ಮಾಡುವಲ್ಲಿಗೆ). ನಮ್ಮ ಹಳೆ ತಂಡೇಲರು (ಬೋಟ್ ನಡೆಸುವವರು) ನೀರಿನ ಬಣ್ಣ ನೋಡಿ, ಹಕ್ಕಿ ಎಲ್ಲಿ ಬೀಳ್ತದೆ ನೋಡಿ ಬೂತಾಯಿ ಎಲ್ಲುಂಟು ಹೇಳ್ತಿದ್ರು. ಲೈಟ್ ಹಾಕುವವನಿಗೆ ಅದು ಯಾವುದೂ ಗೊತ್ತಿರಬೇಕಂತ ಇಲ್ಲ, ಡೀಸೆಲ್ ಇದ್ರೆ ಸಾಕು.

ಮತ್ತೆ ಒಂದು, ಸಿಟ್ಟು ಮಾಡ್ಬೇಡಿ. ಹಿಡಿದು ಬಿಡುದು ಅಂತ ಮಾಡ್ತೀರಲ್ಲ ನೀವು ರಾಡ್‌ನವರು. ತುಟಿಗೆ ಕೊಕ್ಕೆ ಹಾಕಿ, ಅರ್ಧ ಗಂಟೆ ಎಳೆದಾಡಿ, ಮೇಲೆ ತಂದು ಫೋಟೋ ತೆಗೆದು, ಮುತ್ತು ಕೊಟ್ಟು ನೀರಿಗೆ ಬಿಡುದು. ತಿನ್ನುದಾದ್ರೆ ಹಿಡಿ, ತಿನ್ನುದಿಲ್ಲಾಂತಾದ್ರೆ ಅದರ ಪಾಡಿಗೆ ಅದನ್ನು ಬಿಡು. ನನಗೆ ನಮ್ಮ ಟ್ರಾಲ್ ಬಲೆಗಿಂತ ಅದೇ ಕ್ರೂರ ಕಾಣ್ತದೆ.

ಉಡುಪಿ ಸ್ಪಿನ್ನಿಂಗ್ ರಾಡ್

@ಮಲ್ಪೆ ಕಲಾಸಿ ಅಣ್ಣ, ಮುತ್ತು ಕೊಡುದು ನಾನಲ್ಲ ಆಯ್ತಾ 😄

ಆದ್ರೆ ನಿಮ್ಮ ಮಾತು ಪೂರ್ತಿ ತಳ್ಳಿ ಹಾಕ್ಲಿಕ್ಕೆ ಆಗುದಿಲ್ಲ. ನಾನು ಹಿಡಿದು ಬಿಡುವ ಪೈಕಿ, ಕುರುಡಿ ಸಿಕ್ಕಿದ್ರೆ ದೊಡ್ಡದನ್ನು ಬಿಡ್ತೇನೆ. ಯಾಕೆಂದ್ರೆ ಕುರುಡಿ ಮೊದಲು ಗಂಡು, ಬೆಳೆದು ದೊಡ್ಡದಾದ ಮೇಲೆ ಹೆಣ್ಣು ಆಗ್ತದೆ, ದೊಡ್ಡದನ್ನೇ ಮನೆಗೆ ತಂದ್ರೆ ಮೊಟ್ಟೆ ಇಡುವವಳನ್ನೇ ತಂದ ಹಾಗೆ. ಒಂದೂವರೆ ಎರಡು ಕೆಜಿಯದ್ದು ಒಂದು ಇಟ್ಕೊಳ್ತೇನೆ, ಮನೆಯಲ್ಲಿ ಫ್ರೈ. ಕೊಕ್ಕೆಯ ಮುಳ್ಳನ್ನು ಪ್ಲೈಯರಲ್ಲಿ ಒತ್ತಿ ಚಪ್ಪಟೆ ಮಾಡಿಡ್ತೇನೆ, ಬಿಡಿಸುವಾಗ ಬಾಯಿ ಹರಿಯುದಿಲ್ಲ.

ಈ ಹಿಡಿದು ಬಿಡುದು ನಮ್ಮ ರಾಜ್ಯದಲ್ಲಿ ಹೊಸತೇನಲ್ಲ. ಕಾವೇರಿಯಲ್ಲಿ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿ ಅಂತ ಕ್ಯಾಂಪ್‌ಗಳಿದ್ವಲ್ಲ, ಪ್ರಪಂಚದ ಎಲ್ಲ ಕಡೆಯಿಂದ ಮಹಶೀರ್ ಹಿಡಿಯಲಿಕ್ಕೆ ಬರ್ತಿದ್ರು, ಹಿಡಿದದ್ದನ್ನು ತೂಕ ಮಾಡಿ ಬಿಡುದು. ಅದಕ್ಕೂ ಹಿಂದೆ 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 120 ಪೌಂಡಿನ ಮಹಶೀರ್ ಹಿಡಿದದ್ದು ಇವತ್ತಿಗೂ ದಾಖಲೆ ಅಂತ ಹೇಳ್ತಾರೆ, 54 ಕೆಜಿ ಹತ್ರ ಹತ್ರ ಆಯ್ತು ಅದು, ನಮ್ಮಲ್ಲಿ ಕೆಲವರ ತೂಕವೇ ಅಷ್ಟಿಲ್ಲ. ಆಮೇಲೆ ಅಭಯಾರಣ್ಯದ ಒಳಗೆ ಗಾಳ ಹಾಕುದೂ ಬೇಟೆಯೇ ಅಂತ ಹೇಳಿ ಅದನ್ನು ನಿಲ್ಲಿಸಿದ್ರು. ವನ್ಯಜೀವಿ ಕಾಯ್ದೆ ಓದಿದ್ರೆ ಬೇಟೆ ಅಂದ್ರೆ ಕೊಲ್ಲುದು ಮಾತ್ರ ಅಲ್ಲ, ಹಿಡಿಯುದು, ಬೋನಿಗೆ ಹಾಕುದು, ಉರುಳು ಇಡುದು, ಓಡಿಸಿ ತರುದು, ಎಲ್ಲ ಬೇಟೆ. ಹಾಗಾಗಿ ಕಲಾಸಿ ಅಣ್ಣ ಹೇಳಿದ್ದನ್ನೇ ಕಾನೂನು ಬೇರೆ ರೀತಿಯಲ್ಲಿ ಹೇಳಿದ ಹಾಗಾಯ್ತು, ಬಿಟ್ರೂ ಬೇಟೆಯೇ. ಆ ಕ್ಯಾಂಪ್‌ಗಳಿದ್ದಾಗ ಕಾವಲಿಗೆ ಜನ ಇದ್ರು, ನೀರಿಗೆ ತೋಟೆ (ಸ್ಫೋಟಕ) ಹಾಕುವವರು ಹತ್ತಿರ ಬರ್ತಿರಲಿಲ್ಲ ಅಂತ ಹೇಳುವವರೂ ಇದ್ದಾರೆ, ಅದು ಬೇರೆ ಜಗಳ, ಇಲ್ಲಿ ಬೇಡ.

ನನಗೆ ಈಗ ಬೇಡವಾದದ್ದು ಆಳದ ಜಿಗ್ಗಿಂಗ್, ಭಾರದ ಲ್ಯೂರ್ ತಳಕ್ಕೆ ಬಿಟ್ಟು ಮೇಲೆ ಕೆಳಗೆ ಜಗ್ಗುದು. ಮೂರು ವರ್ಷ ಹುಚ್ಚು ಹಿಡಿದವರ ಹಾಗೆ ಹೋಗಿದ್ದೇನೆ, ಬೋಟ್ ಬಾಡಿಗೆ ಶೇರ್ ಮಾಡಿ. ತುಂಬ ಹೊರಗೆ, ಕಲ್ಲು ಇರುವ ಜಾಗದಲ್ಲಿ 35-40 ಮೀಟರ್ ಕೆಳಗಿಂದ ಮುರು ಮೀನು ಎಳೆದು ತಂದ್ರೆ, ಮೇಲೆ ಬರುವಾಗ ಅದರ ಗಾಳಿಚೀಲ ಉಬ್ಬಿ ಹೊಟ್ಟೆ ಬಾಯಿಗೆ ಬಂದಿರ್ತದೆ, ಕಣ್ಣು ಹೊರಗೆ. ಒಂದು ಸಲ ಸಣ್ಣದು ಸಿಕ್ಕಿತಲ್ಲ ಪಾಪ ಬದುಕ್ಕೊಳ್ಳಲಿ ಅಂತ ಬಿಟ್ಟೆ. ಅದು ಮುಳುಗಲಿಕ್ಕೆ ಆಗದೆ ಬೋಟಿನ ಪಕ್ಕದಲ್ಲೇ ಅಡ್ಡ ಬಿದ್ದು ತೇಲ್ತಾ ಇತ್ತು, ಹದ್ದು ಬಂದು ಕೊಂಡು ಹೋಯ್ತು. ಅಲ್ಲಿ ನಾನು ಹಿಡಿದು ಬಿಡುವವ ಅಂತ ಹೇಳಿಕೊಳ್ಳುದಕ್ಕೆ ಅರ್ಥ ಏನುಂಟು? ಆ ರಾಡ್ ಈಗಲೂ ಅಟ್ಟದಲ್ಲುಂಟು, ಯಾರಿಗಾದ್ರೂ ಬೇಕಾದ್ರೆ ಹೇಳಿ, ಒಳ್ಳೆ ಕಂಡೀಷನ್.

ಹೆಬ್ರಿ ಬದಿಯ ಹಿರಿಯ

ನಾನು ಟೈಪ್ ಮಾಡುವುದು ನಿಧಾನ, ಮೊಮ್ಮಗ ಫೋನ್ ಕೇಳುವುದರೊಳಗೆ ಮುಗಿಸಬೇಕು.

1957ರಲ್ಲಿ ಹುಟ್ಟಿದವ ನಾನು. 72ರಲ್ಲಿ ಕಾಯ್ದೆ ಬರುವುದಕ್ಕೆ ಮೊದಲು ನಮ್ಮ ತೀರ್ಥರೂಪರು ಊರಿನಲ್ಲಿ ಒಳ್ಳೆ ಈಡುಗಾರ ಅಂತ ಹೆಸರಿದ್ದವರು. ಕೇಪಿನ ಕೋವಿ, ಮದ್ದು ತುಂಬಿಸಿ ಗಜದಲ್ಲಿ ಜಡಿದು ಹೊಡೆಯುವುದು. ಒಂದು ಈಡು ತಪ್ಪಿದರೆ ಮತ್ತೆ ತುಂಬುವಷ್ಟರಲ್ಲಿ ಪ್ರಾಣಿ ಮುಂದಿನ ಗುಡ್ಡೆ ದಾಟಿರುತ್ತದೆ, ಹಾಗಾಗಿ ತಪ್ಪಲಿಕ್ಕೆ ಇಲ್ಲ. ಕೆಡ್ಡಸದ ಬೋಂಟೆ ಅಂತ ತುಳುನಾಡಿನಲ್ಲಿ ಇತ್ತು, ಭೂಮಿ ತಾಯಿ ಮುಟ್ಟಾದ ದಿನಗಳು, ನೆಲ ಅಗೆಯಬಾರದು ಉಳಬಾರದು, ಗಂಡಸರೆಲ್ಲ ಬೋಂಟೆಗೆ. ನಾನು ಹುಡುಗನಾಗಿ ಹಿಂದೆ ಹೋಗಿದ್ದೇನೆ. ಹಳು ಹೊಕ್ಕು ಕೂಗು ಹಾಕಿ ಎಬ್ಬಿಸುವವರು ಒಂದು ಕಡೆ, ಕೋವಿ ಹಿಡಿದು ಕಂಡಿಯಲ್ಲಿ ನಿಲ್ಲುವವರು ಇನ್ನೊಂದು ಕಡೆ, ನಾಯಿಗಳ ಗಲಾಟೆ. ಮಾಂಸ ಪಾಲು ಮಾಡುವಾಗ ನಾಯಿಗೂ ಒಂದು ಪಾಲು ಇಡುತ್ತಿದ್ದರು.

ವಿಚಿತ್ರ ಏನೆಂದರೆ ತಂದೆಯವರಿಗೆ ಈ ಸೋವಿನ ಬೇಟೆ ಇಷ್ಟವೇ ಇರಲಿಲ್ಲ. ಊರು ಬಿಟ್ಟವನಾಗಬಾರದು ಅಂತ ಹೋಗುತ್ತಿದ್ದರು ಅಷ್ಟೆ. ಪೊದೆ ಅಲ್ಲಾಡಿದ ಕೂಡಲೆ ಹೊಡೆಯುವುದು, ಅದು ಹೆಣ್ಣೋ ಗಂಡೋ, ಬಸುರಿಯೋ, ಹಂದಿಯೋ ಅಥವಾ ಹಳು ನುಗ್ಗುವ ಪಕ್ಕದ ಮನೆಯವನೋ, ನೋಡುವುದಕ್ಕೆ ಪುರುಸೊತ್ತು ಎಲ್ಲಿ. ಅವರಿಗೆ ಬೇಕಾದದ್ದು ಮರಸು. ಹಣ್ಣು ಉದುರುವ ಮರ ನೋಡಿಕೊಂಡು, ಗಾಳಿ ಎತ್ತಲಿಂದ ಬೀಸುತ್ತದೆ ನೋಡಿ, ಬೀಡಿ ಕೂಡ ಸೇದದೆ ಸಂಜೆಯಿಂದ ಕೂರುವುದು. ಹತ್ತರಲ್ಲಿ ಎಂಟು ಸಲ ಬರಿಗೈ. ಆ ಎಂಟು ಸಲದ ಕಥೆಯನ್ನೇ ಅವರು ನಮಗೆ ಹೇಳುತ್ತಿದ್ದದ್ದು, ಬರಿಂಕ (ಮೊಲದಷ್ಟೇ ಇರುವ ಸಣ್ಣ ಜಿಂಕೆ) ಹೇಗೆ ಕಾಲಿಟ್ಟಿತು, ಕಡವೆ ಹೇಗೆ ಮೂಗೆತ್ತಿತು ಅಂತ. ಹೊಡೆದ ಎರಡರ ಕಥೆ ಊಟದಲ್ಲಿ ಮುಗಿಯುತ್ತಿತ್ತು.

ಹಂದಿಗೆ ಮಾತ್ರ ಕೋವಿ ಎತ್ತಿದವರಲ್ಲ. ಮನೆಯಲ್ಲಿ ಪಂಜುರ್ಲಿಗೆ, ಅಂದರೆ ಹಂದಿ ರೂಪದ ದೈವಕ್ಕೆ, ಕೈ ಮುಗಿಯುವವರು ನಾವು, ಅದಕ್ಕೆ ಅಂತ ಹೇಳುತ್ತಿದ್ದರು. ಆದರೆ ಬೇರೆಯವರು ಹೊಡೆದು ತಂದ ಪಾಲನ್ನು ಬೇಡ ಅಂದದ್ದೂ ನೆನಪಿಲ್ಲ.

ಪೇಟೆಯಿಂದ ಜೀಪಿನಲ್ಲಿ ಬರುವವರು ಇದ್ದರು ಆಗ, ದೊಡ್ಡ ಲೈಟ್ ಕಟ್ಟಿಕೊಂಡು. ರಾತ್ರಿ ಬೆಳಕು ಬಿಟ್ಟರೆ ಮೊಲ, ಬರಿಂಕ, ಕಡವೆ ಯಾವುದಾದರೂ ಕಣ್ಣು ಕಟ್ಟಿ ಕಂಬದ ಹಾಗೆ ನಿಲ್ಲುತ್ತದೆ, ಜೀಪಿನಿಂದ ಇಳಿಯುವುದೂ ಬೇಡ. ದಾರಿ ತೋರಿಸಲಿಕ್ಕೆ ಬನ್ನಿ ಅಂತ ತಂದೆಯವರನ್ನು ಕರೆದರೆ ಒಂದು ಸಲವೂ ಹೋಗಲಿಲ್ಲ. ಹೊಟ್ಟೆ ಸರಿ ಇಲ್ಲ ಅಂತ ಒಳಗೆ ಮಲಗಿದ್ದರು. ಮಲ್ಪೆಯವರು ಲೈಟ್ ಫಿಶಿಂಗ್ ಅಂತ ಬರೆದದ್ದು ಓದಿ ನನಗೆ ಅದೇ ನೆನಪಾಯಿತು, ಅದಕ್ಕೇ ಇಷ್ಟು ಬರೆದದ್ದು. ಗಾಳದವರು ತಲೆ ನೋವು ಅಂತ ಹೇಳಿ ಬಂದದ್ದು ಓದಿ ಸ್ವಲ್ಪ ನಗುವೂ ಬಂತು.

72ರ ನಂತರ ಕೋವಿ ಗೋಡೆಗೆ. 74ರಲ್ಲಿ ಸೋಮೇಶ್ವರ ಅಭಯಾರಣ್ಯವೂ ಆಯಿತು. ಈಗ ಬೆಳೆ ರಕ್ಷಣೆ ಲೈಸೆನ್ಸ್ ನನ್ನ ಹೆಸರಿನಲ್ಲಿ, ಮಂಗ ಓಡಿಸಲಿಕ್ಕೆ ವರ್ಷಕ್ಕೆ ನಾಲ್ಕು ಖಾಲಿ ಈಡು. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಕೊಂಡುಹೋಗಿ ಇಟ್ಟು ಬರುವುದು, ಮುಗಿದ ಮೇಲೆ ತರುವುದು. ನನ್ನ ಕೋವಿ ಗುಡ್ಡೆಗಿಂತ ಠಾಣೆಯನ್ನೇ ಹೆಚ್ಚು ನೋಡಿದೆ.

ನಿರ್ವಾಹಕ

ಹಳೆ ನೆನಪು ಓಕೆ. ಈಗಿನ ಕಾಡುಪ್ರಾಣಿ ಬೇಟೆಯ ಫೋಟೋ, ಜಾಗದ ಹೆಸರು ಯಾರೂ ಹಾಕಬೇಡಿ, ಡಿಲೀಟ್ ಆಗ್ತದೆ. ಕರೆಂಟ್ ಮೀನಿನ "ಸೆಟಪ್ ಹೇಗೆ" ಅಂತ ಕೇಳಿದ ಎರಡು ಕಾಮೆಂಟ್ ತೆಗೆದಿದ್ದೇನೆ. ಮನುಷ್ಯರೂ ಸಾಯ್ತಾರೆ ಅದರಲ್ಲಿ.

ಸುರತ್ಕಲ್ ಟು ಟೆಕ್ಸಾಸ್

ಹಿರಿಯರ ಪೋಸ್ಟ್ ಎರಡು ಸಲ ಓದಿದೆ, ಸೂಪರ್.

ನಾನು ಒಂಬತ್ತು ವರ್ಷದಿಂದ ಇಲ್ಲಿದ್ದೇನೆ, ಇಲ್ಲಿ ಬೇಟೆ ಕಾನೂನುಬದ್ಧ, ಲೈಸೆನ್ಸ್ ತಗೊಂಡ್ರೆ ಆಯ್ತು. ನವೆಂಬರ್ ಮೊದಲ ಶನಿವಾರ ಜಿಂಕೆ ಸೀಸನ್ ಓಪನ್, ನಮ್ಮ ಆಫೀಸಲ್ಲಿ ಆ ಶುಕ್ರವಾರ ಮಧ್ಯಾಹ್ನದ ಮೇಲೆ ಮೀಟಿಂಗ್ ಇಟ್ರೆ ಯಾರೂ ಬರುದಿಲ್ಲ. ನಾನು ಕೋವಿ ಮುಟ್ಟಿದವನಲ್ಲ, ಆದ್ರೆ ಲಂಚ್ ಟೇಬಲಲ್ಲಿ ಇವರ ಜಗಳ ಕೇಳಿ ಕೇಳಿ ಎಕ್ಸ್‌ಪರ್ಟ್ ಆಗಿದ್ದೇನೆ. ಹೊರಗಿಂದ ನೋಡುವವರಿಗೆ ಬೇಟೆಗಾರರು ಅಂದ್ರೆ ಎಲ್ಲ ಒಂದೇ ಜಾತಿ. ಒಳಗೆ ಹೋದ್ರೆ ನಮ್ಮಲ್ಲಿ ಯಕ್ಷಗಾನದ ತೆಂಕುತಿಟ್ಟು ಬಡಗುತಿಟ್ಟಿನವರು ಜಗಳ ಮಾಡಿದ ಹಾಗೆ.

ಇಲ್ಲಿ ಜೋಳದ ಫೀಡರ್ ಅಂತ ಉಂಟು, ಡಬ್ಬಕ್ಕೆ ಟೈಮರ್ ಇಟ್ರೆ ದಿನಾ ಬೆಳಿಗ್ಗೆ ಸಂಜೆ ಸರಿಯಾದ ಹೊತ್ತಿಗೆ ಜೋಳ ಚೆಲ್ತದೆ, ಜಿಂಕೆ ಬರ್ತದೆ, ಎದುರಿನ ಗೂಡಿನಲ್ಲಿ ಕೂತು ಹೊಡೆಯುದು. ಟೆಕ್ಸಾಸ್‌ನಲ್ಲಿ ಲೀಗಲ್. ನಮ್ಮ ಟೀಮಿನ ಒಬ್ಬ ಬಿಲ್ಲು ಬಾಣದವ ಉಂಟು, ಅವನಿಗೆ ಫೀಡರ್ ಅಂದ್ರೆ ಮೈ ಉರಿ, ಅದು ಬೇಟೆ ಅಲ್ಲ ರೇಶನ್ ಅಂಗಡಿ ಅಂತಾನೆ (ರೇಶನ್ ಅಂಗಡಿ ಅನ್ನುದು ನನ್ನ ಅನುವಾದ). ತಮಾಷೆ ಎಂತದಂದ್ರೆ ಜಿಂಕೆಗೆ ಜೋಳ ಹಾಕಿದ್ರೆ ಸರಿ, ಬಾತುಕೋಳಿಗೆ ಹಾಕಿ ಹೊಡೆದ್ರೆ ಫೆಡರಲ್ ಕೇಸ್. ವಲಸೆ ಹಕ್ಕಿಗಳಿಗೆ ಆಹಾರ ಚೆಲ್ಲಿ ಕರೆಸುವ ಹಾಗಿಲ್ಲ, ರೆಕಾರ್ಡ್ ಮಾಡಿದ ಹಕ್ಕಿ ಕೂಗು ಹಾಕುವ ಹಾಗಿಲ್ಲ, ಕೋವಿಯಲ್ಲಿ ಒಟ್ಟು ಮೂರಕ್ಕಿಂತ ಜಾಸ್ತಿ ತೋಟೆ ಹಿಡಿಯುವ ಹಾಗಿಲ್ಲ. ಹಕ್ಕಿಗೂ ಒಂದು ಚಾನ್ಸ್ ಇರ್ಲಿ ಅಂತ.

ಇನ್ನೊಂದು ಕಂಡ್ರೆ ನಿಮಗೆ ಬೇಜಾರಾಗ್ತದೆ, ನಮ್ಮ ಕೃಷ್ಣಮೃಗ ಮತ್ತು ಚುಕ್ಕೆ ಜಿಂಕೆ ಇಲ್ಲಿ ರಾಂಚ್‌ಗಳಲ್ಲಿ ಉಂಟು, 1930ರ ದಶಕದಲ್ಲಿ ತಂದು ಬಿಟ್ಟದ್ದು. ಊರಲ್ಲಿ ಮುಟ್ಟಿದ್ರೆ ಜೈಲು, ಇಲ್ಲಿ ಎತ್ತರದ ಬೇಲಿಯ ಒಳಗೆ ಕೊಂಬಿನ ಉದ್ದ ನೋಡಿ ರೇಟು. ಸೀಸನ್ ಕೂಡ ಇಲ್ಲ, ವರ್ಷ ಇಡೀ. ಬೇಲಿಯ ಒಳಗಿನ ಬೇಟೆ ಅಂದ್ರೆ ನಮ್ಮ ಆಫೀಸಿನ ಅರ್ಧ ಬೇಟೆಗಾರರಿಗೇ ಆಗುದಿಲ್ಲ, ಗಾಳದವರ ಕಾಟ್ಲಾ ಕೆರೆಯ ಥರವೇ. ಹೆಲಿಕಾಪ್ಟರಿಂದ ಕಾಡು ಹಂದಿ ಹೊಡೆಯುದು 2011ರಿಂದ ದುಡ್ಡು ಕೊಟ್ಟವರಿಗೆ ಓಪನ್, ಅದನ್ನು ಬೇಟೆ ಅಂತ ಯಾರೂ ಹೇಳುದಿಲ್ಲ, ಹಂದಿ ಇಲ್ಲಿ ಹೊರಗಿನಿಂದ ಬಂದ ಪೀಡೆ, ಔಷಧಿ ಹೊಡೆದ ಹಾಗೆ ಅಂತ ಲೆಕ್ಕ.

ಆದ್ರೆ ಎಲ್ಲರದ್ದೂ ನೀತಿಯ ಮಾತಲ್ಲ ಆಯ್ತಾ. ಒಬ್ಬನಿಗೆ ಬಾತುಕೋಳಿ ಬೇಡ ಯಾಕೆಂದ್ರೆ ಬೆಳಿಗ್ಗೆ ನಾಲ್ಕಕ್ಕೆ ತಣ್ಣೀರಲ್ಲಿ ನಿಲ್ಬೇಕು. ಒಬ್ಬನಿಗೆ ಮರದ ಮೇಲೆ ಕೂರುದು ಬೇಡ ಯಾಕೆಂದ್ರೆ ಎರಡು ಗಂಟೆ ಫೋನ್ ನೋಡದೆ ಕೂರ್ಲಿಕ್ಕೆ ಆಗುದಿಲ್ಲ. ಒಬ್ಬ ಕರಡಿ ಹೊಡೆಯುದಿಲ್ಲ, ಚರ್ಮ ಸುಲಿದು ನೇತು ಹಾಕಿದ್ರೆ ಮನುಷ್ಯನ ಹಾಗೇ ಕಾಣ್ತದೆ, ಒಮ್ಮೆ ನೋಡಿದ್ದು ಸಾಕು ಅಂದ. ಅದಕ್ಕೆ ನಾವೆಲ್ಲ ಎರಡು ನಿಮಿಷ ಸುಮ್ಮನಾದೆವು.

ಮರುವಾಯಿ ಹೆಕ್ಕುವವಳು

ಗಂಡಸರ ಸಭೆಯಲ್ಲಿ ಬಾಯಿ ಹಾಕ್ತಾ ಇದ್ದೇನೆ.

ನಾನು ಸೀತಾನದಿಯ ಬದಿಯವಳು. ನೀರು ಇಳಿದಾಗ ದೊಡ್ಡಮ್ಮನ ಜೊತೆ ಸೊಂಟ ಮಟ್ಟ ನೀರಿಗೆ ಇಳಿದು ಕಾಲಿನಲ್ಲಿ ತಡವಿ ಮರುವಾಯಿ (ಚಿಪ್ಪು ಮೀನು) ಹೆಕ್ಕುದು ನನ್ನ ಬೇಟೆ. ನಗ್ಬೇಡಿ, ಕಾಲಿನ ಬೆರಳಿಗೆ ಕಲ್ಲು ಯಾವುದು ಮರುವಾಯಿ ಯಾವುದು ಗೊತ್ತಾಗ್ಲಿಕ್ಕೆ ನನಗೆ ಎರಡು ವರ್ಷ ಬೇಕಾಯ್ತು. ದೊಡ್ಡಮ್ಮ ಸಣ್ಣದನ್ನು ಮುಟ್ಟಿದ ಕೂಡಲೆ ಅಲ್ಲೇ ಬಿಡ್ತಾರೆ, ನೋಡುದೂ ಇಲ್ಲ.

ನನಗೆ ಬೇಡದ್ದು ಕೇಳಿದ್ರೆ ನೀವೆಲ್ಲ ಬೈತೀರಿ. ಉಬರ್ ಮೀನು. ಮೊದಲ ಜೋರು ಮಳೆಗೆ ಹೊಳೆಯಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಹತ್ತಿಕೊಂಡು ಬರ್ತದಲ್ಲ, ಅದು ಸುಮ್ಮನೆ ತಿರುಗ್ಲಿಕ್ಕೆ ಬರುದಲ್ಲ, ಮೊಟ್ಟೆ ಇಡ್ಲಿಕ್ಕೆ ಬರುದು. ಇಷ್ಟು ನೀರಲ್ಲಿ ಬೆನ್ನು ಹೊರಗೆ ಹಾಕಿ ತೆವಳಿಕೊಂಡು ಹೋಗ್ತಾ ಇರುವ ಮೀನಿಗೆ ಟಾರ್ಚ್ ಬಿಟ್ಟು ಕತ್ತಿಯಲ್ಲಿ ಕಡಿಯುದು. ಮನೆಗೆ ತಂದು ಕೊಯ್ದ್ರೆ ಹೊಟ್ಟೆ ತುಂಬ ಮೊಟ್ಟೆ. ಕೊಯ್ಯುವವಳು ನಾನಲ್ವಾ, ನಿಮಗೆ ಕಾಣುದಿಲ್ಲ ಅದು. ಬಾಣಂತಿ ಆಗ್ಲಿಕ್ಕೆ ತವರಿಗೆ ಹೊರಟವಳನ್ನು ಬಸ್‌ಸ್ಟ್ಯಾಂಡಲ್ಲಿ ಹಿಡಿದ ಹಾಗೆ. ನನ್ನ ಮದುವೆ ಆದ ವರ್ಷವೇ ಗಂಡನಿಗೆ ಹೇಳಿದೆ, ತಂದ್ರೆ ನೀನೇ ಕೊಯ್ಯಿ ಅಂತ. ತರುದು ನಿಂತಿತು.

ಸಮುದ್ರಕ್ಕೆ ಮಾತ್ರ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ ಕೊಡ್ತೀರಿ, ಗದ್ದೆಗೆ ಬರುವ ಮೀನಿಗೆ ಯಾರು ಕೊಡ್ತಾರೆ?

ಕುಂದಾಪ್ರದವ

ಹ್ವಾಯ್ ಅಕ್ಕ, ಹತ್ ಮೀನ್ (ನಿಮ್ಮ್ ಉಬರ್) ಬಗ್ಗೆ ಮಾತ್ರ ಹಾಂಗ್ ಹೇಳ್ಬೇಡಿ ಮಾರ್ರೆ. ನಮ್ ಬದಿಯಗೆ ಮಳಿ ಹಿಡ್ದ್ ಮೂರ್ ದಿನಕ್ಕೆ ಗದ್ದಿ ಅಂಚಗೆ ಟಾರ್ಚ್ ಹಿಡ್ಕಂಡ್ ಹೋಪುದೇ ಒಂದ್ ಹಬ್ಬ. ಅಪ್ಪಯ್ಯ ಕತ್ತಿ ಹಿಡ್ಕಂಡ್ ಮುಂದೆ, ನಾನ್ ಬುಟ್ಟಿ ಹಿಡ್ಕಂಡ್ ಹಿಂದೆ, ಕಾಲಿಗೆ ಇಂಬಳ. ಅದ್ ಬೇಟೆ ಅಂದೇಳಿ ನಂಗ್ ಯಾವತ್ತೂ ಕಂಡದ್ದಿಲ್ಲೆ, ಮಳಿಗಾಲ ಸುರುವಾಯ್ತ್ ಅಂದೇಳಿ ಲೆಕ್ಕ ಅಷ್ಟೇ. ಈಗ ಗದ್ದಿಯೇ ಇಲ್ಲೆ, ಎಲ್ಲ ಮಣ್ಣ್ ಹಾಕಿ ಸೈಟ್ ಮಾಡಿರ್. ಕಡುಕ್ ಮೀನೂ ಇಲ್ಲೆ. ಹಾಂಗಾಯಿ ನೀವ್ ಗೆದ್ರಿ.

ಮರುವಾಯಿ ಹೆಕ್ಕುವವಳು

@ಕುಂದಾಪ್ರದವ ಹೀಗೆ ಗೆಲ್ಲುದು ನನಗೂ ಬೇಡ ಇತ್ತು.

ಅಡಿಕೆ ತೋಟ (ಬೆಳ್ತಂಗಡಿ)

ಎಲ್ಲರದ್ದು ಓದಿದೆ. ಇಷ್ಟ ಕಷ್ಟ ಅಂತ ಕೂತು ಮಾತಾಡುವವರು ಒಮ್ಮೆ ನಮ್ಮ ತೋಟಕ್ಕೆ ಬನ್ನಿ. ಹೋದ ತಿಂಗಳು ಒಂದೇ ರಾತ್ರಿ ಹಂದಿ ಹಿಂಡು ಬಂದು ಮರಗೆಣಸು ಪೂರ್ತಿ ಮಗುಚಿ, ಎರಡು ವರ್ಷದ ಬಾಳೆ, ಅಡಿಕೆ ಸಸಿ ಎಲ್ಲ ಚಪ್ಪಟೆ. ಪರಿಹಾರಕ್ಕೆ ಅರ್ಜಿ ಹಾಕಿದ್ದೇನೆ, ಫೋಟೋ ಕೊಡಿ ಪಹಣಿ ಕೊಡಿ ಅಂತ ತಿರುಗಿಸ್ತಾ ಇದ್ದಾರೆ. ಹಂದಿ ಕೂಡ ಕಾಯ್ದೆಯ ಎರಡನೇ ಶೆಡ್ಯೂಲಲ್ಲಿ ಉಂಟು, ನಾವು ಕೈ ಹಾಕುವ ಹಾಗಿಲ್ಲ. ಅದೇ ಗಡಿ ದಾಟಿ ಕಾಸರಗೋಡಿಗೆ ಹೋದ್ರೆ, ಕೇರಳದವರು 2022ರಲ್ಲಿ ಪಂಚಾಯತ್ ಅಧ್ಯಕ್ಷರಿಗೇ ಅಧಿಕಾರ ಕೊಟ್ಟಿದ್ದಾರೆ, ಬೆಳೆ ಹಾಳು ಮಾಡುವ ಹಂದಿಯನ್ನು ಲೈಸೆನ್ಸ್ ಇದ್ದವರಿಂದ ಹೊಡೆಸಬಹುದು. ವಿಷ, ಸ್ಫೋಟಕ, ಕರೆಂಟ್ ಮಾತ್ರ ಉಪಯೋಗಿಸಬಾರದು ಅಂತ ಷರತ್ತು. ನನಗೆ ಅದು ಸರಿ ಕಾಣ್ತದೆ.

ಯಾಕೆಂದ್ರೆ ನನಗೂ ಬೇಡದ್ದು ಉಂಟು, ಗೊತ್ತಾ. ಉರುಳು. ನಮ್ಮ ಪಕ್ಕದ ಗುಡ್ಡೆಯಲ್ಲಿ ಯಾರೋ ಹಂದಿಗೆ ಅಂತ ಬೈಕಿನ ಕ್ಲಚ್ ವಯರ್ ಉರುಳು ಇಟ್ಟದ್ದಕ್ಕೆ ಚಿರತೆ ಸಿಕ್ಕಿ ಹಾಕಿಕೊಂಡು ಇಡೀ ರಾತ್ರಿ ಕೂಗಿದ್ದು ಕೇಳಿದ್ದೇನೆ. ಹಂದಿ ಮೇಲೆ ನನಗಿರುವ ಸಿಟ್ಟು ನಿಮಗೆ ಗೊತ್ತಿಲ್ಲ, ಆದ್ರೂ ಆ ಕೂಗು ಹಂದಿಗೂ ಬರಬಾರದು. ಮತ್ತೆ ಬೇಲಿಗೆ ನೇರ ಮನೆ ಲೈನ್ ಕೊಡುವವರು. ಸೋಲಾರ್ ಬೇಲಿ ಬೇರೆ, ಅದು ಬಿಟ್ಟು ಬಿಟ್ಟು ಹೊಡೆಯುದು, ಪ್ರಾಣಿ ಹೆದರಿ ಹಿಂದೆ ಹೋಗ್ತದೆ. ನೇರ 230 ವೋಲ್ಟ್ ಕೊಟ್ರೆ ಹಿಡಿದದ್ದು ಬಿಡುದಿಲ್ಲ, ಆನೆಯೂ ಸಾಯ್ತದೆ, ಬೆಳಿಗ್ಗೆ ಹಾಲು ಡೈರಿಗೆ ಹೋಗುವ ಮನುಷ್ಯನೂ ಸಾಯ್ತಾನೆ.

ಕೋವಿಯಾದ್ರೆ ಎದುರಿಗೆ ಏನುಂಟು ಅಂತ ನೋಡಿ ಕುದುರೆ (ಟ್ರಿಗರ್) ಎಳೆಯುದು. ಉರುಳು ಇಟ್ಟವ ಮನೆಯಲ್ಲಿ ಗೊರಕೆ ಹೊಡೀತಾ ಇರ್ತಾನೆ. ಗಾಳದವರೇ, ನಿಮ್ಮ ದೋಸ್ತಿಗೆ ಇದನ್ನು ಹೇಳಿ.

ವಿಷದ ಬಗ್ಗೆ ನಮ್ಮ ತಾಲೂಕಿನವರಿಗೆ ಯಾರೂ ಹೇಳ್ಬೇಕಂತಿಲ್ಲ. ಶಿಶಿಲದಲ್ಲಿ ಕಪಿಲೆಯ ಮತ್ಸ್ಯತೀರ್ಥ, ದೇವರ ಮೀನು, ಅಕ್ಕಿ ಹಾಕಿದ್ರೆ ಕೈ ಹತ್ರ ಬರ್ತದೆ. 1996ರಲ್ಲಿ ಯಾರೋ ವಿಷ ಹಾಕಿ ರಾಶಿ ರಾಶಿ ಸತ್ತದ್ದು. ಹಿಂದಿನವರು ಕಾರೆ ಕಾಯಿ ಜಜ್ಜಿ ಗುಂಡಿಗೆ ಹಾಕುದು ಇತ್ತು, ಅದು ಒಂದು ಗುಂಡಿಗೆ, ಒಂದು ದಿನಕ್ಕೆ. ಈಗಿನವರು ತೋಟಕ್ಕೆ ಹೊಡೆಯುವ ಬಾಟ್ಲಿ ಸುರಿಯುದು. 1897ರ ಮೀನುಗಾರಿಕೆ ಕಾಯ್ದೆಯಲ್ಲೇ ತೋಟೆ ಮತ್ತು ವಿಷ ಎರಡೂ ಅಪರಾಧ ಅಂತ ಬರೆದಿದ್ದಾರೆ, ಬ್ರಿಟಿಷರ ಕಾಲದಲ್ಲೇ ಈ ಬುದ್ಧಿ ಇತ್ತು ಅಂತಾಯ್ತು.

ಅಳಿವೆಬಾಗಿಲು ಗಾಳ

ಇಷ್ಟು ಉತ್ತರ ಬರ್ತದೆ ಅಂತ ಅಂದಾಜೇ ಇರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್.

ದೋಸ್ತಿಗೆ ಫೋನ್ ಮಾಡಿದೆ. ಹಿರಿಯರು ಹೇಳಿದ ಜೀಪಿನ ಲೈಟ್, ಕಲಾಸಿ ಅಣ್ಣನ ಎಲ್‌ಇಡಿ, ಅಡಿಕೆಯವರ ಉರುಳು ಎಲ್ಲ ಸೇರಿಸಿ ಹೇಳಿದೆ, ನೋಡು ಮಾರಾಯ ನಿನ್ನ ಕರೆಂಟಿಗೆ ಮೀನು ಎಲ್ಲುಂಟು, ಎಂತ ತಿಂತದೆ, ನೀರು ಏರುವ ಹೊತ್ತಾ ಇಳಿಯುವ ಹೊತ್ತಾ, ಯಾವುದೂ ಗೊತ್ತಿರ್ಬೇಕಂತಿಲ್ಲ, ನನಗೆ ಅದೆಲ್ಲ ಗೊತ್ತಿಲ್ಲದಿದ್ರೆ ಬರಿಗೈ, ವ್ಯತ್ಯಾಸ ಅದು ಅಂತ. ಅವ ಕೇಳಿದ: "ಅದು ನಿನಗೆ ವ್ಯತ್ಯಾಸ. ಮೀನಿಗೆ?" ಪುನಃ ಬಾಯಿ ಮುಚ್ಚಿದೆ. ಬೆರಳುದ್ದದ ಮರಿ ತೇಲಿ ಹೋದದ್ದು ನೆನಪು ಮಾಡಿದಾಗ ಮಾತ್ರ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬ್ಯಾಟರಿ ಅವನ ಭಾವನದ್ದಂತೆ, ವಾಪಸ್ ಕೊಡ್ತೇನೆ ಅಂದ, ಕೊಟ್ಟಾನಾ ಗೊತ್ತಿಲ್ಲ. ಬರುವ ಆದಿತ್ಯವಾರ ಬೆಂಗ್ರೆಗೆ ಬಾ, ನನ್ನ ಹಳೆ ರಾಡ್ ಕೊಡ್ತೇನೆ ಅಂದಿದ್ದೇನೆ. ಎಷ್ಟು ಹೊತ್ತಿಗೆ ಅಂತ ಕೇಳಿದ, ಬೆಳಿಗ್ಗೆ ಐದಕ್ಕೆ ಅಂದ್ರೆ ನಗಾಡಿದ.

ಇನ್ನು ನನ್ನದೇ ಒಂದು ತಪ್ಪೊಪ್ಪಿಗೆ. ಕೆಂಬೇರಿಗೆ ನಾನು ಲ್ಯೂರ್ ಮಾತ್ರ ಅಲ್ಲ, ಕೆಲವು ಸಲ ಜೀವಂತ ಎಟ್ಟಿಯನ್ನೂ (ಸಿಗಡಿ) ಕೊಕ್ಕೆಗೆ ಹಾಕ್ತೇನೆ. ಬಾಲದ ಹತ್ರ ಚುಚ್ಚಿದ್ರೆ ಒಂದು ಗಂಟೆ ಜೀವ ಇರ್ತದೆ, ಒದ್ದಾಡ್ತಾ ಇದ್ರೆ ಮೀನು ಬೇಗ ಬರ್ತದೆ. ಅದರ ಬಗ್ಗೆ ಇಲ್ಲಿ ಯಾರೂ ಕೇಳ್ಲಿಲ್ಲ, ನಾನೂ ಈ ಥ್ರೆಡ್ ಓದುವವರೆಗೆ ಯೋಚನೆ ಮಾಡಿರಲಿಲ್ಲ.

ಮಲ್ಪೆ ಕಲಾಸಿ

ಜೀವ ಇರುವ ಎಟ್ಟಿಯನ್ನು ಗಾಳಕ್ಕಾ?? ಎಟ್ಟಿಗೆ ಈಗ ರೇಟ್ ಎಷ್ಟು ಗೊತ್ತುಂಟಾ ನಿಮಗೆ? ಮೊದಲು ಇಲ್ಲಿಗೆ ತನ್ನಿ ಅದನ್ನು, ಗಸಿ ಮಾಡುವ, ಕೆಂಬೇರಿಗೆ ಬೇರೆ ಎಂತಾದ್ರೂ ಹಾಕಿ.